ಪ್ರಾಧ್ಯಾಪಕಿಯ ಗ್ರಾಚ್ಯುಟಿ, ನಿರ್ದೇಶಕರ ಪಗಾರ: ಯಾವುದಕ್ಕೆ ಯಾವ ಬಾಗಿಲು?

ಪ್ರಶ್ನೆ: ನಾನು ಧಾರವಾಡದವಳು, ಮದುವೆಯಾಗಿ ಪುಣೆಗೆ ಬಂದು ಕೋಥರೂಡ್‌ನಲ್ಲಿ ನೆಲೆಸಿದ್ದೇನೆ. ಇಲ್ಲಿನ ಒಂದು ಖಾಸಗಿ ಡೀಮ್ಡ್ ವಿಶ್ವವಿದ್ಯಾಲಯದಲ್ಲಿ 2002ರ ಅಕ್ಟೋಬರ್ 1ರಂದು ಉಪನ್ಯಾಸಕಿಯಾಗಿ ಸೇರಿ, 2025ರ ಮೇ 31ರಂದು 60 ತುಂಬಿ ನಿವೃತ್ತಳಾದೆ. ಸಂಸ್ಥೆಗೆ ಬೆಂಗಳೂರಿನಲ್ಲೂ ಕ್ಯಾಂಪಸ್ ಇದೆ. ಮೊದಲ ನಾಲ್ಕು ವರ್ಷ ಎಂಟು ತಿಂಗಳು ತಾತ್ಕಾಲಿಕ ನೇಮಕ. ಪ್ರತಿ ಬೇಸಿಗೆಯಲ್ಲಿ ಒಂದು ತಿಂಗಳು ಬಿಡುಗಡೆ ಮಾಡಿ ಜೂನ್‌ನಲ್ಲಿ ಮತ್ತೆ ಆದೇಶ ಕೊಡುತ್ತಿದ್ದರು. ಆಗ ಒಟ್ಟು ಪಗಾರ 8,000 ರೂಪಾಯಿ, ಪಿಎಫ್ ಕಡಿತವಿರಲಿಲ್ಲ. 2007ರ ಜೂನ್‌ನಿಂದ ಕಾಯಂ. ಕೊನೆಯ ತಿಂಗಳ ಪಗಾರದಲ್ಲಿ ಮೂಲ ವೇತನ 42,000, ತುಟ್ಟಿಭತ್ಯೆ 30,000, ವಿಶೇಷ ಭತ್ಯೆ 26,000, ಮನೆ ಬಾಡಿಗೆ ಭತ್ಯೆ 12,000 ಇತ್ತು. ಈಗ ಗ್ರಾಚ್ಯುಟಿ ಎಂದು 3,78,000 ರೂಪಾಯಿ ಕೊಡುತ್ತೇವೆ, ಮೊದಲು ಲೆಕ್ಕ ಚುಕ್ತಾ ಆಗಿದೆ ಎಂದು ಬರೆದುಕೊಡಿ ಎನ್ನುತ್ತಿದ್ದಾರೆ. ಏಳನೇ ವೇತನ ಆಯೋಗದ ಶ್ರೇಣಿಯನ್ನೂ ನಮಗೆ ಎಂದೂ ಕೊಡಲಿಲ್ಲ. ಕೇಳಿದರೆ ಸಂಸ್ಥೆಯ ಹತ್ತಿರ ಹಣವಿಲ್ಲ ಎಂಬ ಉತ್ತರ. ಆದರೆ ಅಧ್ಯಕ್ಷರ ಮಗ ನಿರ್ದೇಶಕರಾಗಿ ತಿಂಗಳಿಗೆ ಆರು ಲಕ್ಷ ಪಡೆಯುತ್ತಾರೆಂದು ಎಲ್ಲರೂ ಮಾತಾಡುತ್ತಾರೆ. ಇದನ್ನು ಪ್ರಶ್ನಿಸಬಹುದೇ? ಗುತ್ತಿಗೆಯ ಮೇಲಿರುವ ನನ್ನ ಕಿರಿಯ ಸಹೋದ್ಯೋಗಿಯೊಬ್ಬಳು ಗರ್ಭಿಣಿ. ಅವಳಿಗೆ ಹೆರಿಗೆ ರಜೆ ಸಿಗುವುದಿಲ್ಲ ಎಂದಿದ್ದಾರೆ. ಅದು ಸರಿಯೇ?

ಉತ್ತರ: ಮೇಡಂ, ಆ ಚುಕ್ತಾ ಕಾಗದಕ್ಕೆ ಸಹಿ ಹಾಕಬೇಡಿ. ನಿಮಗೆ ಬರಬೇಕಾದ ಗ್ರಾಚ್ಯುಟಿ 9,55,385 ರೂಪಾಯಿ. ಅವರು ಕೊಡಲು ಹೊರಟಿರುವುದು ಅದರ ಅರ್ಧಕ್ಕಿಂತಲೂ ಕಡಿಮೆ.

ಚೆಕ್ಕನ್ನು ಬೇಕಾದರೆ ತೆಗೆದುಕೊಳ್ಳಿ. ಆದರೆ ‘ಭಾಗಶಃ ಪಾವತಿ ಎಂದು ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ, ಬಾಕಿ ಮೊತ್ತದ ಹಕ್ಕನ್ನು ಉಳಿಸಿಕೊಂಡಿದ್ದೇನೆ’ ಎಂದು ಸ್ವೀಕೃತಿಯ ಮೇಲೆ ನಿಮ್ಮ ಕೈಯಿಂದಲೇ ಬರೆದು, ದಿನಾಂಕ ಹಾಕಿ, ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಹಾಗೆ ಬರೆಯಲು ಬಿಡದಿದ್ದರೆ ಮನೆಗೆ ಬಂದು ಅದೇ ಮಾತನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ನಿಮ್ಮಂತೆಯೇ ನಿವೃತ್ತರಾದವರು ಯಾರಾದರೂ ಈಗಾಗಲೇ ಸಹಿ ಮಾಡಿದ್ದರೆ ಅವರು ಎದೆಗುಂದಬೇಕಾಗಿಲ್ಲ. 1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯ 14ನೇ ಕಲಂ ಪ್ರಕಾರ, ಕಾಯ್ದೆಗೆ ವಿರುದ್ಧವಾದ ಯಾವ ಕರಾರಿನ ಮೇಲೂ ಕಾಯ್ದೆಯ ಮಾತೇ ನಡೆಯುತ್ತದೆ. ಕಾನೂನು ಕೊಟ್ಟ ಕನಿಷ್ಠ ಮೊತ್ತವನ್ನು ಒಂದು ಸಹಿಯಿಂದ ಬಿಟ್ಟುಕೊಡಲು ಬರುವುದಿಲ್ಲ. ಆದರೂ ಸಹಿ ಇಲ್ಲದ ಪ್ರಕರಣ ಸಲೀಸಾಗಿ ಸಾಗುತ್ತದೆ, ಸಹಿ ಇದ್ದದ್ದು ಎರಡು ತಾರೀಖು ಹೆಚ್ಚು ತಿನ್ನುತ್ತದೆ.

ಅವರ 3,78,000 ಎಲ್ಲಿಂದ ಬಂತು ಎಂದು ನಾನು ಲೆಕ್ಕ ಹಾಕಿ ನೋಡಿದೆ. ಮೂಲ ವೇತನ 42,000 ಮಾತ್ರ ಹಿಡಿದಿದ್ದಾರೆ. ಅದನ್ನು 30ರಿಂದ ಭಾಗಿಸಿ 15 ದಿನಕ್ಕೆ 21,000 ಮಾಡಿದ್ದಾರೆ. ಅದನ್ನು ಕಾಯಂ ಸೇವೆಯ 18 ವರ್ಷಕ್ಕೆ ಗುಣಿಸಿದ್ದಾರೆ. ಮೂರು ಹೆಜ್ಜೆ, ಮೂರೂ ತಪ್ಪು. ಮೊದಲನೆಯದಾಗಿ, ಗ್ರಾಚ್ಯುಟಿಯ ಲೆಕ್ಕಕ್ಕೆ ವೇತನವೆಂದರೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಎರಡೂ. ಹಾಗಾಗಿ 72,000 ಹಿಡಿಯಬೇಕು. ಎರಡನೆಯದಾಗಿ, ತಿಂಗಳ ಪಗಾರದವರಿಗೆ ಭಾಗಿಸಬೇಕಾದದ್ದು 26ರಿಂದ. ಇದನ್ನು 4ನೇ ಕಲಮಿನಲ್ಲೇ ಬರೆದಿಟ್ಟಿದ್ದಾರೆ, ವಾದಕ್ಕೆ ಎಡೆಯೇ ಇಲ್ಲ. 72,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 41,538 ಚಿಲ್ಲರೆ. ಮೂರನೆಯದಾಗಿ, ನಿಮ್ಮ ಸೇವೆ 22 ವರ್ಷ 8 ತಿಂಗಳು. ಆರು ತಿಂಗಳು ಮೀರಿದ ಭಾಗವನ್ನು ಪೂರ್ತಿ ವರ್ಷವೆಂದು ಎಣಿಸಬೇಕಾದ್ದರಿಂದ ಅದು 23 ಆಗುತ್ತದೆ. ವಿಶೇಷ ಭತ್ಯೆಯ 26,000 ಮತ್ತು ಮನೆ ಬಾಡಿಗೆ ಭತ್ಯೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಅವನ್ನು ಸೇರಿಸಿ ದೊಡ್ಡ ಮೊತ್ತ ಕೇಳಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಬೇಡಿಕೆಯಲ್ಲಿ ಒಂದು ಅಂಕಿ ಸಡಿಲವಾಗಿದ್ದರೂ ಎದುರಿನವರು ಅದನ್ನೇ ಹಿಡಿದು ಎಳೆಯುತ್ತಾರೆ. ಕಾಯ್ದೆಯ ಗರಿಷ್ಠ ಮಿತಿ 2018ರ ಮಾರ್ಚ್ 29ರಿಂದ 20 ಲಕ್ಷ. ನಿಮ್ಮ ಮೊತ್ತ ಅದರೊಳಗೇ ಇರುವುದರಿಂದ ಆದಾಯ ತೆರಿಗೆಯೂ ಬೀಳುವುದಿಲ್ಲ.

ನಿಜವಾದ ಜಗಳ ನಡೆಯುವುದು ಆ ಮೊದಲ ನಾಲ್ಕು ವರ್ಷ ಎಂಟು ತಿಂಗಳ ಮೇಲೆ. ಏಪ್ರಿಲ್ ಕೊನೆಗೆ ಬಿಡುಗಡೆ, ಜೂನ್‌ನಲ್ಲಿ ಹೊಸ ಆದೇಶ ಎಂಬ ಈ ಪದ್ಧತಿ ಮುಂಬೈ, ಪುಣೆಯ ಕಾಲೇಜುಗಳಲ್ಲಿ ಪಾಠ ಮಾಡಿದ ನಮ್ಮವರಿಗೆ ಚೆನ್ನಾಗಿ ಗೊತ್ತು. ಸೇವೆ ತುಂಡಾಯಿತು ಎಂದು ತೋರಿಸುವುದೇ ಅದರ ಉದ್ದೇಶ. ಕಾಯ್ದೆಯ 2ಎ ಕಲಂ ಇದಕ್ಕೆ ಉತ್ತರ ಕೊಡುತ್ತದೆ. ಸೇವೆ ಅಖಂಡವಾಗಿಲ್ಲದಿದ್ದರೂ ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸವಾಗಿದ್ದರೆ, ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯುವ ಸಂಸ್ಥೆಯಾದರೆ 190 ದಿನವಾಗಿದ್ದರೆ, ಆ ವರ್ಷವನ್ನು ನಿರಂತರ ಸೇವೆಯೆಂದೇ ಎಣಿಸಬೇಕು. ಒಂದು ತಿಂಗಳ ಬಿಡುವು ಕಳೆದರೂ ನೀವು ಆ ಗೆರೆ ದಾಟುತ್ತೀರಿ. ಕಾಯಂ, ತಾತ್ಕಾಲಿಕ ಎಂಬ ಭೇದವನ್ನು ಗ್ರಾಚ್ಯುಟಿ ಕಾಯ್ದೆ ಮಾಡುವುದೇ ಇಲ್ಲ. ನೌಕರಳಾಗಿದ್ದಿರೋ ಇಲ್ಲವೋ ಎಂಬುದಷ್ಟೇ ಅದರ ಪ್ರಶ್ನೆ.

ಇದಕ್ಕೆ ಪುರಾವೆ ಬೇಕು. 2002ರಿಂದ 2007ರವರೆಗಿನ ಪ್ರತಿಯೊಂದು ನೇಮಕಾತಿ ಆದೇಶ, ಫಾರ್ಮ್ 16, ಪಗಾರ ಜಮೆಯಾದ ಬ್ಯಾಂಕ್ ಪಾಸ್‌ಬುಕ್ ಹುಡುಕಿ ತೆಗೆಯಿರಿ. ಆದೇಶಗಳು ಕಳೆದಿದ್ದರೂ ದಾರಿ ಮುಚ್ಚುವುದಿಲ್ಲ. ಒಬ್ಬ ಗ್ರಂಥಪಾಲಕರ ಪ್ರಕರಣ ನಡೆಸುವಾಗ ಅವರ ಹತ್ತಿರ ಒಂದೂ ಆದೇಶವಿರಲಿಲ್ಲ. ಹಳೆಯ ಟ್ರಂಕಿನಿಂದ ಪರೀಕ್ಷಾ ಮೇಲ್ವಿಚಾರಣೆಯ ಭತ್ಯೆಯ ರಸೀದಿಗಳ ಒಂದು ಕಟ್ಟು ಹೊರಬಂತು, ಪ್ರತಿಯೊಂದರಲ್ಲೂ ಪ್ರಾಚಾರ್ಯರ ಸಹಿ, ಮೊಹರು, ತಾರೀಖು. ವಿಚಾರಣೆಯಲ್ಲಿ ಆ ಕಟ್ಟನ್ನು ಒಂದೊಂದಾಗಿ ಬಿಡಿಸಿ ಮೇಜಿನ ಮೇಲಿಟ್ಟಾಗ ಸಂಸ್ಥೆಯ ಕಡೆಯವರು ಆ ವರ್ಷಗಳ ಬಗ್ಗೆ ವಾದ ಮುಂದುವರಿಸಲಿಲ್ಲ. ಹಳೆಯ ಕಾಗದ ಎಂದು ಏನನ್ನೂ ರದ್ದಿಗೆ ಹಾಕಬೇಡಿ.

ಸಂಸ್ಥೆಯವರು ಇನ್ನೊಂದು ಮಾತು ಹೇಳಿಯಾರು: ಶಿಕ್ಷಕರಿಗೆ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುವುದೇ ಇಲ್ಲ, ನಾವು ಕೊಡುತ್ತಿರುವುದು ನಮ್ಮ ಔದಾರ್ಯ ಎಂದು. ಈ ಮಾತಿಗೆ ಒಂದು ಕಾಲದಲ್ಲಿ ಬಲವಿತ್ತು, ಆದ್ದರಿಂದ ಹಿನ್ನೆಲೆ ತಿಳಿದಿರಲಿ. 1997ರ ಏಪ್ರಿಲ್ 3ರ ಅಧಿಸೂಚನೆಯಿಂದ ಹತ್ತು ಅಥವಾ ಹೆಚ್ಚು ನೌಕರರಿರುವ ಶಿಕ್ಷಣ ಸಂಸ್ಥೆಗಳು ಕಾಯ್ದೆಯೊಳಗೆ ಬಂದವು. ಆದರೆ ಕಾಯ್ದೆಯಲ್ಲಿದ್ದ ‘ನೌಕರ’ನ ವ್ಯಾಖ್ಯೆ ಕುಶಲ, ಅಕುಶಲ, ದೈಹಿಕ, ಮೇಲ್ವಿಚಾರಣೆ, ತಾಂತ್ರಿಕ, ಗುಮಾಸ್ತ ಕೆಲಸಗಳನ್ನು ಹೆಸರಿಸಿತ್ತು. ಪಾಠ ಹೇಳುವುದು ಆ ಪಟ್ಟಿಯಲ್ಲಿರಲಿಲ್ಲ. 2004ರ ಜನವರಿಯಲ್ಲಿ ಅಹಮದಾಬಾದಿನ ಖಾಸಗಿ ಪ್ರಾಥಮಿಕ ಶಿಕ್ಷಕರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಾಗಾದರೆ ಶಿಕ್ಷಕರು ಇದರಲ್ಲಿ ಬರುವುದಿಲ್ಲ ಎಂದಿತು. ಕಾಲೇಜಿನ ಜವಾನನಿಗೆ ಗ್ರಾಚ್ಯುಟಿ, ಪ್ರಾಧ್ಯಾಪಕನಿಗೆ ಇಲ್ಲ ಎಂಬ ಸ್ಥಿತಿ! ಸಂಸತ್ತು 2009ರ ತಿದ್ದುಪಡಿಯಲ್ಲಿ ವ್ಯಾಖ್ಯೆಯನ್ನೇ ಬದಲಿಸಿ, ಅದನ್ನು 1997ರ ಏಪ್ರಿಲ್ 3ರಿಂದಲೇ ಜಾರಿಯೆಂದು ಹೇಳಿತು. ಖಾಸಗಿ ಶಾಲೆಗಳು ಅದನ್ನೂ ಪ್ರಶ್ನಿಸಿದವು. 2022ರ ಆಗಸ್ಟ್ 29ರಂದು ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿದು, ಬಾಕಿಯನ್ನು ಬಡ್ಡಿ ಸಮೇತ ಆರು ವಾರದಲ್ಲಿ ಕೊಡಿ ಎಂದು ಹೇಳಿತು. ಅಲ್ಲಿಗೆ ಆ ಚರ್ಚೆ ಮುಗಿದಿದೆ. ನಿಮಗೆ ಬರಬೇಕಾದದ್ದು ಯಾರ ಔದಾರ್ಯವೂ ಅಲ್ಲ.

ಇದರ ಜೊತೆ ತಳಕು ಹಾಕಿಕೊಳ್ಳುವ ಇನ್ನೊಂದು ತೀರ್ಪು ನಮ್ಮ ನೆರೆಯ ಗೋವಾದ್ದು. ಶಾಲೆಯೊಂದರ ಶಿಕ್ಷಕಿ ಸುಂದರಾಂಬಾಳ್ ಅವರ ಪ್ರಕರಣದಲ್ಲಿ 1988ರಲ್ಲಿ ಸುಪ್ರೀಂ ಕೋರ್ಟ್, ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು ಹೇಳಿತು. ವಜಾ ಪ್ರಕರಣಗಳಲ್ಲಿ ಆ ತೀರ್ಪು ನಮ್ಮನ್ನು ಕಾಡಿದೆ. ಆದರೆ ಗ್ರಾಚ್ಯುಟಿ ಬೇರೆ ಕಾಯ್ದೆ, ಅದರ ವ್ಯಾಖ್ಯೆ ಬೇರೆ. ಸಂಸ್ಥೆಯ ವಕೀಲರು ಈ ತೀರ್ಪನ್ನು ತಂದು ಓದಿದರೆ ಹೆದರಬೇಡಿ.

ಇನ್ನು ಯಾವ ಕಚೇರಿಗೆ ಹೋಗಬೇಕು? ಇಲ್ಲಿ ಬಹಳ ಮಂದಿ ತಪ್ಪು ಬಾಗಿಲು ತಟ್ಟಿ ಕಾಲ ಕಳೆದುಕೊಳ್ಳುತ್ತಾರೆ. ಮಹಾರಾಷ್ಟ್ರದಲ್ಲಿ ಸಾಮಾನ್ಯವಾಗಿ ಕಾರ್ಮಿಕ ನ್ಯಾಯಾಲಯದ ನ್ಯಾಯಾಧೀಶರೇ ಗ್ರಾಚ್ಯುಟಿಯ ನಿಯಂತ್ರಣ ಪ್ರಾಧಿಕಾರಿ, ಅಂದರೆ ಈ ತಕರಾರನ್ನು ತೀರ್ಮಾನಿಸುವವರು. ಆದರೆ ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಶಾಖೆಗಳಿರುವ ಸಂಸ್ಥೆಗೆ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರವೇ ಸಂಬಂಧಪಟ್ಟ ಸರ್ಕಾರ. ನಿಮ್ಮ ಸಂಸ್ಥೆಗೆ ಬೆಂಗಳೂರಿನಲ್ಲೂ ಕ್ಯಾಂಪಸ್ ಇರುವುದರಿಂದ ನೀವು ಹೋಗಬೇಕಾದದ್ದು ಕೇಂದ್ರದ ಸಹಾಯಕ ಕಾರ್ಮಿಕ ಆಯುಕ್ತರ ಕಚೇರಿಗೆ. ಬೆಂಗಳೂರಿನದು ಅದೇ ಸಂಸ್ಥೆಯ ಶಾಖೆಯೋ ಅಥವಾ ಬೇರೆ ಟ್ರಸ್ಟಿನ ಹೆಸರಿನಲ್ಲಿರುವ ಪ್ರತ್ಯೇಕ ಕಾಲೇಜೋ ಎಂಬುದನ್ನು ಅರ್ಜಿಗೆ ಮುನ್ನ ಖಚಿತಪಡಿಸಿಕೊಳ್ಳಿ, ಎಲ್ಲವೂ ಅದರ ಮೇಲೆ ನಿಂತಿದೆ.

ಮೊದಲು ಸಂಸ್ಥೆಗೇ ಗ್ರಾಚ್ಯುಟಿ ಕೇಳುವ ಅರ್ಜಿ, ಫಾರ್ಮ್ ‘ಐ’ ಕೊಡಿ. ತಡವಾಯಿತೆಂಬ ಕಾರಣಕ್ಕೆ ಅದನ್ನು ತಿರಸ್ಕರಿಸುವಂತಿಲ್ಲ. ಅವರು ಪೂರ್ತಿ ಕೊಡದಿದ್ದರೆ ಪ್ರಾಧಿಕಾರಿಗೆ ಫಾರ್ಮ್ ‘ಎನ್’ನಲ್ಲಿ ಅರ್ಜಿ. ಅದಕ್ಕೆ 90 ದಿನಗಳ ಗಡುವಿದೆ, ಆದರೆ ಸಕಾರಣವಿದ್ದರೆ ವಿಳಂಬವನ್ನು ಮನ್ನಿಸುತ್ತಾರೆ. ವಿಳಂಬ ಮನ್ನಾ ಅರ್ಜಿಯನ್ನು ಜೊತೆಯಲ್ಲೇ ಲಗತ್ತಿಸಿ. ನಿವೃತ್ತಿಯಾಗಿ 30 ದಿನದೊಳಗೆ ಹಣ ಕೊಡಬೇಕಾಗಿತ್ತು, ಅಲ್ಲಿಂದ ಮುಂದೆ ಶೇಕಡಾ 10ರ ಸರಳ ಬಡ್ಡಿ. ಈಗ ಅವರ ಚೆಕ್ಕು ಪಡೆದರೂ ಉಳಿಯುವ 5,77,385ರ ಮೇಲೆ ತಿಂಗಳಿಗೆ ಸುಮಾರು 4,800 ರೂಪಾಯಿ ಬಡ್ಡಿ ಕೂಡುತ್ತದೆ. ಆದೇಶದ ವಿರುದ್ಧ ಸಂಸ್ಥೆ ಮೇಲ್ಮನವಿ ಹೋಗಬೇಕಾದರೆ ಪೂರ್ತಿ ಮೊತ್ತವನ್ನು ಮೊದಲು ಠೇವಣಿ ಇಡಬೇಕು. ಆಮೇಲೂ ಕೊಡದಿದ್ದರೆ ಜಿಲ್ಲಾಧಿಕಾರಿಗಳು ಭೂಕಂದಾಯದ ಬಾಕಿಯಂತೆ ವಸೂಲು ಮಾಡುತ್ತಾರೆ. ಹಣವಿಲ್ಲ ಎಂಬುದು ಇಲ್ಲಿ ಉತ್ತರವಾಗುವುದೇ ಇಲ್ಲ. ಗ್ರಾಚ್ಯುಟಿಗೆಂದು ವಿಮೆ ಮಾಡಿಸಿದ್ದೆವು, ವಿಮಾ ಕಂಪನಿಯಿಂದ ಇಷ್ಟೇ ಬಂತು ಎಂಬುದೂ ಉತ್ತರವಾಗುವುದಿಲ್ಲ.

ಪಿಎಫ್ ವಿಷಯದಲ್ಲಿ ನಿಮಗೆ ಸ್ವಲ್ಪ ನಿರಾಶೆಯಾಗುತ್ತದೆ. 2002ರಲ್ಲಿ ಪಿಎಫ್‌ನ ವೇತನ ಮಿತಿ 6,500 ಇತ್ತು. ಅದಕ್ಕಿಂತ ಹೆಚ್ಚಿನ ಪಗಾರಕ್ಕೆ ಹೊಸದಾಗಿ ಸೇರಿದವರನ್ನು ಸದಸ್ಯರನ್ನಾಗಿ ಮಾಡುವುದು ಕಡ್ಡಾಯವಾಗಿರಲಿಲ್ಲ. ನಿಮ್ಮ ಪಗಾರ 8,000 ಇದ್ದುದರಿಂದ ಆ ವರ್ಷಗಳ ಪಿಎಫ್ ಕೇಳಲು ಆಧಾರವಿಲ್ಲ. ನಂತರವೂ ಕಾನೂನಿನ ಮಿತಿಯಷ್ಟಕ್ಕೇ ಅವರು ವಂತಿಗೆ ಕಟ್ಟಿದ್ದರೆ, ಅಂದರೆ 2014ರ ಸೆಪ್ಟೆಂಬರ್‌ನಿಂದ 15,000ಕ್ಕೆ ಶೇಕಡಾ 12ರಂತೆ 1,800 ರೂಪಾಯಿ, ಅದು ಜಿಪುಣತನವಾದರೂ ಕಾನೂನುಬಾಹಿರವಲ್ಲ. ನಿಮ್ಮಲ್ಲಿನ ಪ್ರಯೋಗಾಲಯದ ಸಹಾಯಕರಂಥ ಕಡಿಮೆ ಪಗಾರದವರ ಸ್ಥಿತಿ ಮಾತ್ರ ಬೇರೆ. ಮೂಲ ವೇತನವನ್ನು 9,000ಕ್ಕೆ ಇಳಿಸಿ ಉಳಿದದ್ದನ್ನು ಎಲ್ಲರಿಗೂ ಒಂದೇ ತೆರನಾಗಿ ‘ವಿಶೇಷ ಭತ್ಯೆ’ ಎಂದು ಕೊಟ್ಟು ಪಿಎಫ್ ಉಳಿಸುವ ತಂತ್ರವನ್ನು ಸುಪ್ರೀಂ ಕೋರ್ಟ್ 2019ರ ಫೆಬ್ರವರಿ 28ರಂದು ತಳ್ಳಿಹಾಕಿದೆ. ಆ ತೀರ್ಪಿನ ಹೆಸರಿನಲ್ಲಿರುವುದೂ ಒಂದು ಶಾಲೆಯೇ, ಪಶ್ಚಿಮ ಬಂಗಾಳದ ವಿವೇಕಾನಂದ ವಿದ್ಯಾಮಂದಿರ.

ಒಂದು ವಿಷಯ ಕೇಳಬೇಕು: ನಿಮ್ಮ ಪಿಎಫ್ ಪಿಂಚಣಿ ಶುರುವಾಗಿದೆಯೇ? ನೌಕರರ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷ ಪೂರೈಸಿದವರಿಗೆ 58ಕ್ಕೇ ಪಿಂಚಣಿಯ ಹಕ್ಕು ಬರುತ್ತದೆ, ನೌಕರಿ ಮುಂದುವರಿದಿದ್ದರೂ ಸರಿ. ಶಿಕ್ಷಕರು 60ಕ್ಕೆ ನಿವೃತ್ತರಾಗುವುದರಿಂದ ಎಷ್ಟೋ ಜನರಿಗೆ ಇದು ನೆನಪೇ ಇರುವುದಿಲ್ಲ. ನಿಮ್ಮ ಪಾಸ್‌ಬುಕ್ಕಿನಲ್ಲಿ ಪಿಂಚಣಿಯ ಕಾಲಂ ತುಂಬಿದ್ದರೆ ಪಿಂಚಣಿಯ ಅರ್ಜಿಯಾದ ಫಾರ್ಮ್ 10ಡಿ ಹಾಕಿ. ಮೊತ್ತ ದೊಡ್ಡದಲ್ಲ, ತಿಂಗಳಿಗೆ ಎರಡೂವರೆ ಸಾವಿರದ ಆಸುಪಾಸು ಬರಬಹುದು. ಆದರೆ ಅದು ನಿಮ್ಮದು.

ಏಳನೇ ವೇತನ ಆಯೋಗದ ಶ್ರೇಣಿಯ ಬಗ್ಗೆ ನಾನು ಗ್ರಾಚ್ಯುಟಿಯಷ್ಟು ಧೈರ್ಯ ಕೊಡಲಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಜುಲೈ 18ರ ನಿಯಮಾವಳಿ ಡೀಮ್ಡ್ ವಿಶ್ವವಿದ್ಯಾಲಯಗಳಿಗೂ ಅನ್ವಯಿಸುತ್ತದೆ. ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲ ವೇತನವೇ 57,700. ಇಪ್ಪತ್ತೆರಡು ವರ್ಷ ಪಾಠ ಮಾಡಿದ ನಿಮ್ಮ ಮೂಲ ವೇತನ 42,000 ಎಂದು ಓದಿದಾಗ ಸಂಕಟವಾಯಿತು. ಆದರೆ ಅನುದಾನವಿಲ್ಲದ ಸಂಸ್ಥೆಗಳ ಮೇಲೆ ಈ ಶ್ರೇಣಿ ಎಷ್ಟರ ಮಟ್ಟಿಗೆ ಕಡ್ಡಾಯ ಎಂಬುದು ಇನ್ನೂ ವಾದದ ವಿಷಯ. ಡೀಮ್ಡ್ ವಿಶ್ವವಿದ್ಯಾಲಯದ ವಿರುದ್ಧ ಹೈಕೋರ್ಟಿನಲ್ಲಿ ರಿಟ್ ಹಾಕಬಹುದೆಂದು 2015ರಲ್ಲಿ ಎಸ್‌ಆರ್‌ಎಂ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ತೀರ್ಮಾನವಾಗಿದೆ. ಹಾಗೆಯೇ, ಕೇವಲ ಖಾಸಗಿ ಕರಾರಿನ ನೌಕರಿ ವಿವಾದಕ್ಕೆ ರಿಟ್ ನಡೆಯುವುದಿಲ್ಲವೆಂದು 2022ರ ಸೇಂಟ್ ಮೇರೀಸ್ ಎಜುಕೇಶನ್ ಸೊಸೈಟಿ ಪ್ರಕರಣದಲ್ಲಿ ಹೇಳಿದ್ದಾರೆ. ನಿಮ್ಮದು ಯುಜಿಸಿ ನಿಯಮದ ಉಲ್ಲಂಘನೆ ಎಂದು ತೋರಿಸಿದರೆ ಮಾತ್ರ ಮೊದಲನೆಯದರ ನೆರಳು ಸಿಗುತ್ತದೆ. ಗೆದ್ದರೂ ಬಾಕಿ ವೇತನ ಸಾಮಾನ್ಯವಾಗಿ ಮೂರು ವರ್ಷಕ್ಕೆ ಸೀಮಿತ. 2025ರ ಆಗಸ್ಟ್‌ನಿಂದ ಕೊಲ್ಹಾಪುರದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂದಿರುವುದರಿಂದ ಸೊಲ್ಲಾಪುರ, ಸಾಂಗಲಿಯ ಕನ್ನಡಿಗರಿಗೆ ಹಾದಿ ಹತ್ತಿರವಾಗಿದೆ. ಪುಣೆಯವರು ಮಾತ್ರ ಈಗಲೂ ಮುಂಬೈಗೇ ಹೋಗಬೇಕು. ಇನ್ನೂ ಸೇವೆಯಲ್ಲಿರುವ ನಾಲ್ಕೈದು ಜನರು ಒಟ್ಟಾಗಿ ಹೋದರೆ ಇದಕ್ಕೆ ತೂಕ ಬರುತ್ತದೆ. ನಿವೃತ್ತರೊಬ್ಬರೇ ಹೋಗುವುದನ್ನು ನಾನು ಸಲಹೆ ಮಾಡುವುದಿಲ್ಲ.

ಇನ್ನು ನಿರ್ದೇಶಕರ ಪಗಾರ. ನಿಮ್ಮ ಪತ್ರದಲ್ಲಿ ಅತಿ ಹೆಚ್ಚು ನೋವಿರುವುದು ಈ ಸಾಲುಗಳಲ್ಲಿ, ಆ ನೋವು ನ್ಯಾಯವಾದದ್ದು. ಆದರೆ ದಯವಿಟ್ಟು ಇದನ್ನು ಗ್ರಾಚ್ಯುಟಿ ಅರ್ಜಿಯಲ್ಲಿ ಒಂದು ಅಕ್ಷರವೂ ಬರೆಯಬೇಡಿ. ಅಲ್ಲಿನ ಅಧಿಕಾರಿಗೆ ಬೇಕಾದದ್ದು ನಿಮ್ಮ ವೇತನ ಮತ್ತು ವರ್ಷ ಎರಡೇ. ಅದರಾಚೆಗೆ ಬರೆದ ಪ್ರತಿ ಮಾತಿಗೂ ಸಂಸ್ಥೆ ಉತ್ತರ ಹಾಕಲು ಸಮಯ ಕೇಳುತ್ತದೆ.

ಸರ್ಕಾರಿ ವಿಶ್ವವಿದ್ಯಾಲಯದ ಕುಲಪತಿಯ ಪಗಾರಕ್ಕೆ ಗೆರೆ ಇದೆ. ಏಳನೇ ವೇತನ ಆಯೋಗದ ಪ್ರಕಾರ ತಿಂಗಳಿಗೆ 2,10,000 ಮತ್ತು ವಿಶೇಷ ಭತ್ಯೆ 11,250. ಖಾಸಗಿ ಸಂಸ್ಥೆಯ ನಿರ್ದೇಶಕರಿಗೆ ಇಂಥ ಗೆರೆಯಿಲ್ಲ. ಯೋಗ್ಯತೆಯುಳ್ಳ ಹೊರಗಿನ ವ್ಯಕ್ತಿಗೆ ಆರು ಲಕ್ಷ ಕೊಟ್ಟು ತಂದರೆ ಕಾನೂನು ಅಡ್ಡ ಬರುವುದಿಲ್ಲ, ಬರಬಾರದು ಕೂಡ. ಅಡ್ಡ ಬರುವುದು ಪಡೆಯುವವರು ಟ್ರಸ್ಟಿಯ ಮಗನಾದಾಗ. ದತ್ತಿ ಸಂಸ್ಥೆಯಾಗಿ ತೆರಿಗೆ ವಿನಾಯಿತಿ ಪಡೆಯುವ ಟ್ರಸ್ಟ್, ಟ್ರಸ್ಟಿಗೆ ಅಥವಾ ಅವರ ಸಂಬಂಧಿಕರಿಗೆ ಅವರು ಸಲ್ಲಿಸಿದ ಸೇವೆಗೆ ತಕ್ಕುದಕ್ಕಿಂತ ಹೆಚ್ಚು ಪಗಾರ ಕೊಟ್ಟರೆ ಆದಾಯ ತೆರಿಗೆ ಕಾನೂನು ತಾಗುತ್ತದೆ. 2022ರ ತಿದ್ದುಪಡಿಯ ನಂತರ ಹಾಗೆ ಹೆಚ್ಚಾಗಿ ಕೊಟ್ಟ ಹಣಕ್ಕೆ ಶೇಕಡಾ 30 ತೆರಿಗೆ, ಮೇಲೆ ಹಾಗೆ ಕೊಟ್ಟ ಹಣದಷ್ಟೇ ದಂಡ, ಮತ್ತೆ ಮಾಡಿದರೆ ದಂಡ ಇಮ್ಮಡಿ. ಆ ವ್ಯಕ್ತಿಯ ವಿದ್ಯಾರ್ಹತೆ, ಅನುಭವ, ಮಾಡುವ ಕೆಲಸ, ಅದೇ ಗಾತ್ರದ ಬೇರೆ ಸಂಸ್ಥೆಯಲ್ಲಿ ಅದೇ ಹುದ್ದೆಗೆ ಕೊಡುವ ಪಗಾರ, ಇವನ್ನು ನೋಡಿ ‘ತಕ್ಕುದು’ ಎಷ್ಟೆಂದು ತೀರ್ಮಾನಿಸುತ್ತಾರೆ. ಶಿಕ್ಷಣ ಲಾಭದ ದಂಧೆಯಾಗಬಾರದು, ಉಳಿತಾಯ ಸಂಸ್ಥೆಯ ಬೆಳವಣಿಗೆಗೇ ಹೋಗಬೇಕು ಎಂಬುದು 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪಿನಿಂದ ಹಿಡಿದು ಮಹಾರಾಷ್ಟ್ರದಿಂದಲೇ ಹೋದ 2005ರ ಇನಾಮ್‌ದಾರ್ ತೀರ್ಪಿನವರೆಗೆ ನಿಂತ ಮಾತು.

‘ಎಲ್ಲರೂ ಮಾತಾಡುತ್ತಾರೆ’ ಎಂಬುದರ ಮೇಲೆ ದೂರು ನಿಲ್ಲುವುದಿಲ್ಲ. ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟ್‌ಗಳು ಪ್ರತಿವರ್ಷ ಲೆಕ್ಕಪರಿಶೋಧನಾ ವರದಿಯನ್ನು ಧರ್ಮಾದಾಯ ಆಯುಕ್ತರ ಕಚೇರಿಗೆ ಸಲ್ಲಿಸಬೇಕು. ಆಸ್ತಿ-ಹೊಣೆಯ ತಖ್ತೆ, ಆದಾಯ-ವೆಚ್ಚದ ತಖ್ತೆ ಅದರಲ್ಲಿರುತ್ತವೆ. ನಿಮ್ಮ ವಿಶ್ವವಿದ್ಯಾಲಯದ ಹಿಂದಿರುವ ಟ್ರಸ್ಟಿನ ನೋಂದಣಿ ಸಂಖ್ಯೆ ಹಿಡಿದು ಆ ವರದಿಗಳ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಅಂಕಿಗಳನ್ನು ಕಂಡ ಮೇಲೆ ದೂರು ಬರೆಯಬೇಕೋ ಬೇಡವೋ ನಿರ್ಧರಿಸಿ. ಟ್ರಸ್ಟಿನಲ್ಲಿ ಹಿತಾಸಕ್ತಿಯುಳ್ಳವರು ಕೇಳಿದರೆ ಟ್ರಸ್ಟಿಗಳಿಗೆ ನಿರ್ದೇಶನ ಕೊಡುವ ಅಧಿಕಾರ ಆಯುಕ್ತರಿಗೆ ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 41ಎ ಕಲಮಿನಲ್ಲಿದೆ. ಒಂದು ಮಾತು ಸ್ಪಷ್ಟವಿರಲಿ: ಈ ದೂರು ಗೆದ್ದರೂ ನಿಮ್ಮ ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ. ಸಂಸ್ಥೆ ಸರಿಹೋಗಲಿ ಎಂಬ ಕಾಳಜಿಯಿಂದ ಮಾಡುವುದಾದರೆ ಮಾಡಿ, ಅದಕ್ಕೆ ನನ್ನ ಗೌರವವಿದೆ. ಗ್ರಾಚ್ಯುಟಿ ಕೈಸೇರಿದ ಮೇಲೆ ಮಾಡಿ.

ನಿಮ್ಮ ಸಹೋದ್ಯೋಗಿಗೆ ಅವಸರವಿದೆ, ಅವರಿಗೆ ಇಂದೇ ತಿಳಿಸಿ. ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಂಬಳ ಸಹಿತ 26 ವಾರದ ರಜೆಯ ಹಕ್ಕಿದೆ, ಗುತ್ತಿಗೆಯವರು ಎಂಬ ಕಾರಣಕ್ಕೆ ನಿರಾಕರಿಸುವಂತಿಲ್ಲ. ರಜೆಯ ನಡುವೆ ಕರಾರು ಮುಗಿದರೆ? ದೆಹಲಿಯ ಆಸ್ಪತ್ರೆಯೊಂದರ ಗುತ್ತಿಗೆ ವೈದ್ಯೆಯ ಪ್ರಕರಣದಲ್ಲಿ ಕರಾರು ರಜೆ ಶುರುವಾದ ಹತ್ತೇ ದಿನಕ್ಕೆ ಮುಗಿದಿತ್ತು. ಆದರೂ 26 ವಾರದ ಹಣ ಪೂರ್ತಿ ಕೊಡಬೇಕೆಂದು 2023ರ ಆಗಸ್ಟ್ 17ರಂದು ಸುಪ್ರೀಂ ಕೋರ್ಟ್ ಹೇಳಿದೆ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಾಗಿದೆ. ಅದರಲ್ಲೂ ಈ ಹಕ್ಕು ಹಾಗೆಯೇ ಉಳಿದಿದೆ. ಮೇಲಾಗಿ ನಿಗದಿತ ಅವಧಿಯ ನೌಕರಿ ಮುಗಿದಾಗ ಗ್ರಾಚ್ಯುಟಿಗೆ ಐದು ವರ್ಷದ ಷರತ್ತು ಇಲ್ಲ, ಅವಧಿಗೆ ತಕ್ಕಂತೆ ಸಿಗಬೇಕು. ನೀವು ಅದಕ್ಕೂ ಮುಂಚೆ ನಿವೃತ್ತರಾದದ್ದರಿಂದ ನಿಮಗೆ 1972ರ ಕಾಯ್ದೆಯೇ ಲೆಕ್ಕ.

ಅವರು ಹೆರಿಗೆಯ ಅಂದಾಜು ತಾರೀಖಿರುವ ವೈದ್ಯರ ಪ್ರಮಾಣಪತ್ರದೊಂದಿಗೆ ರಜೆಯ ನೋಟಿಸನ್ನು ಕುಲಸಚಿವರಿಗೆ ಲಿಖಿತವಾಗಿ ಕೊಡಲಿ, ಆವಕ ವಿಭಾಗದ ಮೊಹರು ಹಾಕಿಸಿದ ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳಲಿ. ಸಿಗುವುದಿಲ್ಲ ಎಂದು ಬಾಯಲ್ಲಿ ಹೇಳಿದವರು ಅದನ್ನೇ ಬರೆದುಕೊಡಲು ಹಿಂಜರಿಯುತ್ತಾರೆ. ಬರೆದುಕೊಟ್ಟರೆ ಆ ಪತ್ರವನ್ನು ನನಗೆ ಕಳುಹಿಸಿ.